ಆಕ್ಸೆಸ್‌: ಕಸ್ಟಮ್ ಮೆನು ಬಟನ್ ಒತ್ತಿದರೆ ‘ಫಂಕ್ಷನ್ ಸಿಗುತ್ತಿಲ್ಲ’ ಎಂದರೆ

ಹಳೆಯ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್‌ನ ಕಸ್ಟಮ್ ಟೂಲ್‌ಬಾರ್ ಮೆನುವಿನಲ್ಲಿ ಬಟನ್ ಒತ್ತಿದಾಗ ‘ಫಂಕ್ಷನ್ ಸಿಗುತ್ತಿಲ್ಲ’ ಎಂಬ ದೂರು ಬಂದರೆ, ಬಟನ್ ಕರೆಯುವ ವಿಬಿಎ (ಆಕ್ಸೆಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್ ‘ಸಬ್’ (ಕೆಲಸ ಮಾಡಿ ಉತ್ತರ ಹಿಂದಿರುಗಿಸದ ಕೋಡ್ ತುಣುಕು) ಆಗಿದೆಯೇ ನೋಡಿ, ಆಗಿದ್ದರೆ ಅದನ್ನು ‘ಪಬ್ಲಿಕ್ ಫಂಕ್ಷನ್’ (ಉತ್ತರ ಹಿಂದಿರುಗಿಸಬಲ್ಲ, ಎಲ್ಲಿಂದಲೂ ಕರೆಯಬಹುದಾದ ತುಣುಕು) ಮಾಡಿ. ಒತ್ತಿದಾಗ ಏನು ನಡೆಯಬೇಕೆಂದು ಬರೆಯುವ ಬಟನ್ನಿನ ಆನ್ ಆ್ಯಕ್ಷನ್ ಜಾಗದಲ್ಲಿ ಸಮ ಚಿಹ್ನೆ, ಫಂಕ್ಷನ್ ಹೆಸರು, ಖಾಲಿ ಆವರಣ ಇಷ್ಟೂ ಇರಬೇಕು: =ಓಪನ್‌ಬಿಲ್() ಎಂಬ ಮಾದರಿಯಲ್ಲಿ. ಸಮ ಚಿಹ್ನೆ ಇದ್ದರೆ ಆಕ್ಸೆಸ್ ಅದನ್ನು ಎಕ್ಸ್‌ಪ್ರೆಶನ್ (ಲೆಕ್ಕ ಹಾಕಿ ಬೆಲೆ ಪಡೆಯುವ ಸೂತ್ರ) ಎಂದು ಓದುತ್ತದೆ, ಎಕ್ಸ್‌ಪ್ರೆಶನ್‌ನಿಂದ ಸಬ್ ಕರೆಯಲು ಬರುವುದಿಲ್ಲ. ಚಿಹ್ನೆ ಬಿಟ್ಟರೆ ಅದೇ ಹೆಸರಿನ ಮ್ಯಾಕ್ರೋ (ಆಕ್ಸೆಸ್ ಒಳಗೆ ಉಳಿಸಿಟ್ಟ ಕ್ರಿಯೆಗಳ ಪಟ್ಟಿ) ಹುಡುಕುತ್ತದೆ. ಫಂಕ್ಷನ್ ಸ್ಟ್ಯಾಂಡರ್ಡ್ ಮಾಡ್ಯೂಲ್‌ನಲ್ಲಿರಲಿ (ಯಾವುದೇ ಫಾರ್ಮ್ ಅಥವಾ ರಿಪೋರ್ಟ್‌ಗೆ ಅಂಟಿರದ ಕೋಡ್ ಹಾಳೆ), ಮಾಡ್ಯೂಲ್‌ಗೂ ಫಂಕ್ಷನ್‌ಗೂ ಒಂದೇ ಹೆಸರು ಮಾತ್ರ ಬೇಡ. ಇದನ್ನು ಎಷ್ಟು ಹೇಳಿದರೂ ಸಾಲದು, ಕೋಡ್ ಪೂರ್ತಿ ಸರಿಯಿದ್ದಾಗಲೂ ಅದೇ ದೂರು ಬರುವುದು ಹೆಚ್ಚಾಗಿ ಇದರಿಂದಲೇ. ಆಕ್ಸೆಸ್ 2003ರಲ್ಲಿ ಟೂಲ್‌ಬಾರ್‌ನ ಕಸ್ಟಮೈಸ್ ವಿಂಡೋ ತೆರೆದಿಟ್ಟು, ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಆನ್ ಆ್ಯಕ್ಷನ್ ಸಿಗುತ್ತದೆ. 2007ರಿಂದೀಚೆಗೆ ಆ ವಿಂಡೋ ಇಲ್ಲ, ಮೆನು ಆ್ಯಡ್-ಇನ್ಸ್ ಟ್ಯಾಬ್‌ನಲ್ಲಿ ಕೂತಿರುತ್ತದೆ. ಕಂಟ್ರೋಲ್ ಜಿ ಒತ್ತಿ ಇಮ್ಮೀಡಿಯೆಟ್ ವಿಂಡೋದಲ್ಲಿ (ಕೋಡ್ ಸಾಲನ್ನು ಬರೆದು ಕೂಡಲೇ ಫಲ ನೋಡುವ ಜಾಗ) ಆ ಕಮಾಂಡ್‌ಬಾರ್ ಕಂಟ್ರೋಲ್‌ನ (ಅಂದರೆ ಆ ಮೆನು ಬಟನ್ನಿನ) ಆನ್ ಆ್ಯಕ್ಷನ್ ಪ್ರಿಂಟ್ ಮಾಡಿ ನೋಡಬೇಕು. ಫೈಲ್ ಟ್ರಸ್ಟೆಡ್ ಲೊಕೇಶನ್‌ನಲ್ಲಿಲ್ಲದೆ (ನಂಬಬಹುದೆಂದು ಆಕ್ಸೆಸ್‌ಗೆ ಹೇಳಿಟ್ಟ ಫೋಲ್ಡರ್) ವಿಬಿಎ ತಡೆಹಿಡಿದಿದ್ದರೆ ಈ ಉಪಾಯ ನಡೆಯದು, ಮೊದಲು ಹಳದಿ ಪಟ್ಟಿಯಲ್ಲಿ ಎನೇಬಲ್ ಕಂಟೆಂಟ್ ಒತ್ತಿ. ಬೇರೆ ಯಾವುದೋ ಮಾಡ್ಯೂಲ್‌ನಲ್ಲಿ ಕಂಪೈಲ್ ದೋಷವಿದ್ದರೂ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಪರಿವರ್ತಿಸುವಾಗ ಸಿಗುವ ತಪ್ಪು) ಬಟನ್ ಕೈಕೊಡಬಹುದು, ಆದ್ದರಿಂದ ವಿಬಿಎ ಎಡಿಟರ್‌ನ ಡೀಬಗ್ ಮೆನುವಿನಿಂದ ಒಮ್ಮೆ ಕಂಪೈಲ್ ಮಾಡಿಬಿಡಿ.