ಸಿಕ್ಸ್‌ಟೀಸ್ ಸ್ಕೂಪ್: ಮಕ್ಕಳಿಗೆ ಹೇಳುವುದು ಹೇಗೆ?

ಕೆನಡಾದಲ್ಲಿ 1950ರಿಂದ 80ರ ದಶಕದವರೆಗೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಬೇರೆಯವರಿಗೆ ದತ್ತು ಕೊಟ್ಟಿದ್ದಕ್ಕೆ 'ಸಿಕ್ಸ್‌ಟೀಸ್ ಸ್ಕೂಪ್' ಅನ್ನುತ್ತಾರೆ. ಸೆಪ್ಟೆಂಬರ್ 30ಕ್ಕೆ ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗುತ್ತಾರೆ. ಸಂಜೆ ಮನೆಗೆ ಬಂದು, "ಅಮ್ಮಾ, ಆ ಮಕ್ಕಳನ್ನ ಯಾಕೆ ಕರ್ಕೊಂಡು ಹೋದ್ರು?" ಅಂತ ಕೇಳುತ್ತಾರೆ. ಅಲ್ಲಿರುವ ನಮ್ಮ ಜನ ಎಷ್ಟೋ ಸಲ, "ಪಾಪ, ಬಡವರು, ಸಾಕೋಕೆ ಆಗದೆ ಒಳ್ಳೆ ಮನೆಗೆ ಕೊಟ್ರು" ಎಂದು ಹೇಳಿ ಮುಗಿಸಿಬಿಡುತ್ತಾರೆ. ಇದು ತಪ್ಪು ಉತ್ತರ. ಯಾರೂ ಕೊಡಲಿಲ್ಲ, ಕಿತ್ತುಕೊಂಡರು.

ಮೊದಲು ಎರಡು ವಿಷಯ ಬೇರೆ ಮಾಡಿ. ಕಿತ್ತಳೆ ಅಂಗಿ ವಸತಿ ಶಾಲೆಗಳ ನೆನಪಿಗೆ, ಅಂದರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಒಯ್ದು ಅವರ ಭಾಷೆ, ಸಂಸ್ಕೃತಿ ಬಿಡಿಸಿದ ಶಾಲೆಗಳು. ಮಕ್ಕಳನ್ನು ಒಯ್ದು ದತ್ತು ಕೊಟ್ಟ ಸಿಕ್ಸ್‌ಟೀಸ್ ಸ್ಕೂಪ್ ಇನ್ನೊಂದು ಕತೆ. 1951ರಲ್ಲಿ ಇಂಡಿಯನ್ ಆಕ್ಟ್‌ಗೆ (ಮೂಲನಿವಾಸಿಗಳ ಕುರಿತ ಕೆನಡಾದ ಕೇಂದ್ರ ಕಾನೂನು) ತಿದ್ದುಪಡಿಯಾಗಿ ಪ್ರಾಂತ್ಯಗಳ ಕಾನೂನು ರಿಸರ್ವ್‌ಗಳಿಗೂ, ಅಂದರೆ ಮೂಲನಿವಾಸಿಗಳಿಗೆ ಮೀಸಲಾದ ನೆಲಕ್ಕೂ ಬಂತು, ಅದರ ಹಿಂದೆಯೇ ಮಕ್ಕಳ ಕಲ್ಯಾಣದವರೂ ಬಂದರು. 1980ರ ದಶಕದವರೆಗೆ 20,000ಕ್ಕೂ ಹೆಚ್ಚು ಮಕ್ಕಳು ಹೋದರು. ಹೆಚ್ಚಿನವರು ಬಿಳಿಯರ ಮನೆಗಳಿಗೆ, ಕೆಲವರು ಗಡಿ ದಾಟಿ ಅಮೆರಿಕಕ್ಕೆ.

ಕಷ್ಟದ ಪ್ರಶ್ನೆ ಆಮೇಲೆ ಬರುತ್ತದೆ: "ಅವರ ಅಪ್ಪ ಅಮ್ಮ ಕೆಟ್ಟವರಾ?" ಇಲ್ಲಿ ಅವಸರ ಬೇಡ. ಊರಿನ ಮನೆಯನ್ನೇ ನೆನಪಿಸಿ. ಅಜ್ಜಿ ಸಾಕಿದ ಮಕ್ಕಳು, ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದವರು, ಚಿಕ್ಕಮ್ಮನ ಮನೆಯಲ್ಲಿದ್ದು ಓದಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅಲ್ಲೂ ಹಾಗೇ ಇತ್ತು. ನಗರದಿಂದ ಬಂದ ಅಧಿಕಾರಿಗಳು ಅದೇ ಮನೆ ನೋಡಿ, ನಲ್ಲಿ ಇಲ್ಲ, ಫ್ರಿಜ್ ಇಲ್ಲ, ಅಮ್ಮನ ಬದಲು ಅಜ್ಜಿ ನೋಡ್ಕೊಳ್ತಾಳೆ, ಹಾಗಾಗಿ ಇಲ್ಲಿ ಮಕ್ಕಳ ಬಗ್ಗೆ ನಿರ್ಲಕ್ಷ್ಯ ಇದೆ ಎಂದು ಬರೆದುಕೊಂಡರು. ಬಡತನ ಇತ್ತು ನಿಜ, ಆದರೆ ಮನೆಗೆ ನೆರವು ಕೊಡುವುದು ಬಿಟ್ಟು ಮಗುವನ್ನೇ ಒಯ್ದರು. ಅಣ್ಣ ತಂಗಿಯರನ್ನೂ ಬೇರೆ ಬೇರೆ ಮನೆಗೆ ಹಂಚಿದರು. ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ 1967ರಲ್ಲಿ ಶುರುವಾದ, ಮೂಲನಿವಾಸಿ ಮಕ್ಕಳನ್ನು ದತ್ತು ಕೊಡುವ 'ಏಮ್' ಯೋಜನೆಯಲ್ಲಂತೂ ಮಕ್ಕಳ ಫೋಟೋ ಹಾಕಿ ಪತ್ರಿಕೆ, ಟೀವಿಯಲ್ಲಿ ಜಾಹೀರಾತು ಕೊಟ್ಟರು. ಹೈಸ್ಕೂಲಿನ ಮಕ್ಕಳಿಗೆ ಆ ಜಾಹೀರಾತು ತೋರಿಸಿ. ಚಿಕ್ಕವರಿಗೆ ಬೇಡವೇ ಬೇಡ, ರಾತ್ರಿ ನಿದ್ದೆ ಬರಲ್ಲ. ಕಾರ್ಟೂನ್ ವೀಡಿಯೊ ಹಾಕಿ ಕೂರಿಸುವುದೂ ಬೇಡ. ಅಳುವ ಸಂಗೀತ ಜಾಸ್ತಿ, ವಿಷಯ ಕಡಿಮೆ.

ಮನೆಯಲ್ಲೋ ನೆಂಟರಲ್ಲೋ ದತ್ತು ಮಗು ಇದ್ದರೆ ಒಂದು ಮಾತು ಸೇರಿಸಲೇಬೇಕು: ದತ್ತು ತಪ್ಪಲ್ಲ, ಹೆತ್ತವರ ಒಪ್ಪಿಗೆ ಇಲ್ಲದೆ ತೆಗೆದುಕೊಂಡು ಹೋಗಿದ್ದು ತಪ್ಪು. ಸಾಕಿದವರೆಲ್ಲ ಕ್ರೂರಿಗಳು ಅನ್ನಬೇಡಿ. ಪ್ರೀತಿಯಿಂದ ನೋಡಿಕೊಂಡವರಿದ್ದರು, ಹಿಂಸೆ ಕೊಟ್ಟವರೂ ಇದ್ದರು. ಪ್ರೀತಿ ಸಿಕ್ಕ ಮಕ್ಕಳೂ ತಮ್ಮ ಭಾಷೆ, ಬಳಗ, ಎಷ್ಟೋ ಜನ ಹೆಸರನ್ನೂ ಕಳೆದುಕೊಂಡರು.

ಕೊನೆಗೆ, "ಅದೆಲ್ಲ ಹಳೇದು" ಅನ್ನಬೇಡಿ. 2017ರಲ್ಲಿ ಒಂಟಾರಿಯೊ ಕೋರ್ಟು ಕೇಂದ್ರ ಸರ್ಕಾರದ್ದೇ ತಪ್ಪು ಎಂದಿತು, ಪರಿಹಾರವೂ ಬಂತು, ಆದರೆ ಮೇಟಿ ಜನರನ್ನು (ಮೂಲನಿವಾಸಿ, ಯುರೋಪಿಯನ್ ಎರಡೂ ಮೂಲದವರು) ಅದರಿಂದ ಹೊರಗಿಟ್ಟರು. 2021ರ ಜನಗಣತಿಯಲ್ಲಿ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು 7.7%, ಫಾಸ್ಟರ್ ಮನೆಗಳಲ್ಲಿ (ಹೆತ್ತವರಿಂದ ದೂರವಾದ ಮಕ್ಕಳನ್ನು ಇಡುವ ಬೇರೆಯವರ ಮನೆ) ಇದ್ದ ಮಕ್ಕಳಲ್ಲಿ ಅವರೇ 53.8%. ಈ ಎರಡು ಸಂಖ್ಯೆಯನ್ನು ಮಗುವಿನ ಕೈಯಲ್ಲೇ ಬರೆಸಿ.