ಒಂದೇ ಫೋನ್, ನಲವತ್ತು ಮಕ್ಕಳು: ವಿ.ವಿ. ಸಾಗರದ ಪಾಠ ಹೀಗೆ ಮಾಡಿ

"ಈಗಿನ ಮಕ್ಕಳಿಗೆ ನಾವೇನು ಹೇಳಿಕೊಡೋದು, ಹುಟ್ಟುತ್ತಲೇ ಎಲ್ಲ ಕಲಿತಿರ್ತಾರೆ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತೇನೆ. 2001ರಲ್ಲಿ ಅಮೆರಿಕದ ಶಿಕ್ಷಣ ಲೇಖಕ ಮಾರ್ಕ್ ಪ್ರೆನ್ಸ್ಕಿ ಈ ಮಕ್ಕಳನ್ನು 'ಡಿಜಿಟಲ್ ನೇಟಿವ್ಸ್', ಅಂದರೆ ಡಿಜಿಟಲ್ ಲೋಕದಲ್ಲೇ ಹುಟ್ಟಿ ಬೆಳೆದವರು, ಎಂದು ಕರೆದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಹಿರಿಯೂರು ಕಡೆ ಸಮಾಜ ವಿಜ್ಞಾನ ಹೇಳಿಕೊಡುವ ನನ್ನ ಅನುಭವ ಬೇರೆ. ರೀಲ್ಸ್ ಸರಸರ ಸರಿಸುವ ಹುಡುಗನಿಗೆ ಆ ವಿಡಿಯೊ ಯಾವ ಊರಿನದು ಅಂತ ಪತ್ತೆ ಹಚ್ಚಲು ಬರುವುದಿಲ್ಲ. ಅದನ್ನು ನಾವೇ ಕಲಿಸಬೇಕು.

ಮೊದಲು ನಿಮ್ಮ ಫೋನ್ ಬ್ಯಾಗಿನಲ್ಲೇ ಇರಲಿ. ನಮ್ಮ ಕಡೆಯ ವಾಣಿವಿಲಾಸ ಸಾಗರ (ವಿ.ವಿ. ಸಾಗರ) ಡ್ಯಾಂಗೆ ಮಾರಿಕಣಿವೆ ಎಂದೂ ಹೆಸರು. ಅದರ ಬಗ್ಗೆ ಬೋರ್ಡಿನ ಮೇಲೆ ಪ್ರಶ್ನೆ ಬರೆಯಿರಿ: "1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಯಾಕೆ ಬೀಳಲಿಲ್ಲ?" ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್ ಪುಸ್ತಕದಲ್ಲಿ ಬರೆಯಲಿ. ತಪ್ಪಾದರೂ ಅಳಿಸಬಾರದು.

ಆಮೇಲೆ ಗುಂಪು ಮಾಡಿ. ಏನೆಂದು ಹುಡುಕಬೇಕು ಎಂಬ ಪದಗಳನ್ನು ಗುಂಪೇ ಹೇಳಲಿ, ಟೈಪ್ ಮಾಡುವುದು ನೀವು. "ಡ್ಯಾಂ ನೀರು" ಎಂದರೆ ಯಾವುದೋ ಊರಿನ ಸುದ್ದಿ ಬರುತ್ತದೆ. ಈ ಡ್ಯಾಂ ಇರುವ ನದಿಯ ಹೆಸರು "ವೇದಾವತಿ" ಸೇರಿಸಿದರೆ ನಮ್ಮ ಊರಿನ ಹತ್ತಿರ ಬರುತ್ತದೆ. ಫೋನ್ ಇಲ್ಲದ ಮನೆಯ ಮಗುವೂ ಇಲ್ಲಿ ಹಿಂದೆ ಬೀಳುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದ್ದು ಮುಂದಿನ ಕೆಲಸಕ್ಕೆ: ಸಿಕ್ಕಿದ್ದು ನಿಜವೇ ಎಂದು ನೋಡುವುದಕ್ಕೆ. ಒಂದು ಸಲ ಹುಡುಗಿಯೊಬ್ಬಳು ಮಾಮನ ಫೋನಿಗೆ ಬಂದಿದ್ದ ವಿಡಿಯೊದ ಸುದ್ದಿ ತಂದಳು. ಸಾಲುಸಾಲು ಗೇಟು ತೆರೆದು ನೀರು ನುಗ್ಗುತ್ತಿದೆ, ಕೆಳಗೆ 'ವಿ.ವಿ. ಸಾಗರ' ಎಂದು ಬರೆದಿದೆ. ಕ್ಲಾಸಿಗೆ ಕ್ಲಾಸೇ ಹಿಗ್ಗಿತು. "ನಮ್ಮ ಡ್ಯಾಂನಲ್ಲಿ ಅಂಥ ಗೇಟು ಯಾರು ನೋಡಿದ್ದೀರಿ?" ಎಂದೆ. ಎಲ್ಲರೂ ಸುಮ್ಮನಾದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ: "ಇಲ್ಲ ಮಿಸ್, ನಮ್ಮದು ಕೋಡಿ ಮೇಲಿಂದ ಹರೀತದೆ. ನಮ್ಮಪ್ಪ ಕರ್ಕೊಂಡು ಹೋಗಿ ತೋರಿಸಿದ್ರು." ಅವತ್ತಿನಿಂದ ಯಾವ ವಿಡಿಯೊ ಬಂದರೂ ಮೂರು ಪ್ರಶ್ನೆ ಕೇಳುತ್ತೇವೆ: ತೆಗೆದವರು ಯಾರು? ಯಾವಾಗ? ಕಣ್ಣಾರೆ ಕಂಡದ್ದಕ್ಕೆ ಹೊಂದುತ್ತದೆಯೇ?

ಕೊನೆಯ ಹತ್ತು ನಿಮಿಷ ಫೋನ್ ಮತ್ತೆ ಬ್ಯಾಗಿನೊಳಗೆ ಇಡಿ, ಪುಸ್ತಕ ಮುಚ್ಚಿಸಿ. ತಿಳಿದದ್ದನ್ನು ನೆನಪಿನಿಂದಲೇ ಬರೆಯಲಿ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿಸಿಕೊಂಡು ಬರೆದದ್ದು ವಾರದ ನಂತರವೂ ಹೆಚ್ಚು ಉಳಿಯುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಬೆಲ್ ಹೊಡೆಯುವ ಆತುರದಲ್ಲಿ ನಾವೆಲ್ಲ ಮೊದಲು ಬಿಡುವುದು ಇದನ್ನೇ.

ಮನೆಗೆಲಸಕ್ಕೆ ಬೋರ್ಡಿನ ಪ್ರಶ್ನೆಯನ್ನು ಅಜ್ಜ ಅಜ್ಜಿಯರಿಗೆ ಕೇಳಿಕೊಂಡು ಬರಲಿ. ಮಾರನೇ ದಿನ ಮೊದಲ ಊಹೆಯ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಸಿ. "ಮಳೆ ಬರಲಿಲ್ಲ" ಎಂದಷ್ಟೇ ಬರೆದಿದ್ದ ಹುಡುಗಿ ಅದರ ಕೆಳಗೆ ಸೇರಿಸಿದ್ದಳು: "2022ರಲ್ಲಿ ಜೋರು ಮಳೆಯ ಜೊತೆ ಭದ್ರಾ ನದಿಯ ನೀರೂ ಬಂತು."