ಉಣಕಲ್ ನಾಲಾ ನೀರನ್ನು ಪರೀಕ್ಷೆಗೆ ಹಿಡಿಯೋದು ಹೇಗೆ (ನಾನು ಒಮ್ಮೆ ಕೆಡಿಸಿಕೊಂಡ ಮೇಲೆ)

ಹುಬ್ಬಳ್ಳಿಯ ಉಣಕಲ್ ಕೆರೆ ಕಡೆಯಿಂದ ಊರೊಳಗೆ ಹರಿಯೋ ಉಣಕಲ್ ನಾಲಾದಲ್ಲಿ ಪ್ಲಾಸ್ಟಿಕ್, ಫೋಮುಗಳಿಂದ ಬರೋ ಕೆಮಿಕಲ್ ಎಷ್ಟಿದೆ ಅಂತ ನೋಡೋಕೆ ಮೊದಲ ಸಲ ನಾನು ಹೋದದ್ದು ಮನೆಯ ಪ್ಲಾಸ್ಟಿಕ್ ಬಕೆಟ್, ನೈಲಾನ್ ಹಗ್ಗ, ಸೀಮೆಎಣ್ಣೆ ಸುರಿಯೋ ಹಳೇ ಲಾಳಿಕೆ ಹಿಡಿದುಕೊಂಡು. ಹೋಲಿಸಿ ನೋಡೋಕೆ ಇರಲಿ ಅಂತ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರನ್ನೂ ಅದೇ ಲಾಳಿಕೆಯಿಂದ ಇನ್ನೊಂದು ಬಾಟಲಿಗೆ ತುಂಬಿ ಕಳಿಸಿದ್ದೆ. ರಿಪೋರ್ಟ್ ಬಂತು. ಥ್ಯಾಲೇಟ್ ಅನ್ನೋ ಪ್ಲಾಸ್ಟಿಕ್ ಕೆಮಿಕಲ್ ಎರಡರಲ್ಲೂ ಹೆಚ್ಚೂ ಕಡಿಮೆ ಒಂದೇ! ಅಂದರೆ ನಾನು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದ್ದು ನನ್ನ ಲಾಳಿಕೆಯನ್ನು.

ಹೀಗಾಗೋಕೆ ಕಾರಣ ಇದೆ. ಪಿವಿಸಿ ಮೂಲದಲ್ಲಿ ಗಟ್ಟಿ ವಸ್ತು, ನೀರಿನ ಪೈಪಿನ ಹಾಗೆ. ಅದನ್ನು ವೈರಿನ ಹೊದಿಕೆ, ರೆಕ್ಸಿನ್, ಫ್ಲೆಕ್ಸ್ ಬ್ಯಾನರ್ ಮಾಡಬೇಕಾದರೆ ಮೆತ್ತಗೆ ಮಾಡೋ ಎಣ್ಣೆಯಂಥ ಕೆಮಿಕಲ್ ಬೆರೆಸುತ್ತಾರೆ. ಥ್ಯಾಲೇಟ್ ಅಂದರೆ ಅದೇ. ಕೆಲವು ಮೆತ್ತನೆ ಪಿವಿಸಿಯಲ್ಲಿ ತೂಕದ ಮೂರನೇ ಒಂದು ಭಾಗ ಅದೇ ಇರುತ್ತದೆ. ಅದು ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಕೂಡಿಕೊಂಡಿರೋದಿಲ್ಲ, ಮಿರ್ಚಿ ಕಟ್ಟಿದ ಪೇಪರಿಗೆ ಎಣ್ಣೆ ಹತ್ತುತ್ತಲ್ಲ, ಹಾಗೆ ನಿಧಾನಕ್ಕೆ ಹೊರಗೆ ಬರುತ್ತಾ ಇರುತ್ತದೆ. (ಫ್ಲೆಕ್ಸನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ. ಹುಬ್ಬಳ್ಳಿಯಲ್ಲಿ ಯಾರದಾದರೂ ಹುಟ್ಟುಹಬ್ಬದ ದಿನ ಒಂದು ಸುತ್ತು ಹೊಡೆದು ನೋಡಿ.)

ನಾಲಾದಲ್ಲಿ ಹುಡುಕಬೇಕಾದ ಕೆಮಿಕಲ್‌ಗಳ ಇನ್ನೊಂದು ಗುಂಪು ಬೆಂಕಿ ಬೇಗ ಹತ್ತದಿರಲಿ ಅಂತ ಸೋಫಾ ಫೋಮ್, ಕಾರಿನ ಸೀಟು, ಟಿವಿ ಕವಚಕ್ಕೆ ಸೇರಿಸೋದು. ಮೊದಲು ಬ್ರೋಮಿನ್ ಇರೋವು ಜಾಸ್ತಿ ಇದ್ದವು. ಅವುಗಳಲ್ಲಿ ಕೆಲವನ್ನು, ಬೇಗ ನಾಶವಾಗದ ವಿಷ ಕೆಮಿಕಲ್‌ಗಳನ್ನು ತಡೆಯೋ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಸೇರಿಸಿದರು, ಡೆಕಾ ಅನ್ನೋದನ್ನು 2017ರಲ್ಲಿ. ಆ ಜಾಗಕ್ಕೆ ಹೆಚ್ಚಾಗಿ ರಂಜಕದವು ಬಂದವು: ಟಿಸಿಪಿಪಿ, ಟಿಸಿಇಪಿ, ಟಿಡಿಸಿಪಿಪಿ. ಮನೆಯ ಧೂಳಿನಲ್ಲಿ, ಬಟ್ಟೆ ಒಗೆದ ನೀರಿನಲ್ಲಿ ಇವು ಗಟಾರಕ್ಕೆ ಹೋಗುತ್ತವೆ. ಟಿಸಿಪಿಪಿ ನೀರಿನಲ್ಲಿ ಚೆನ್ನಾಗಿ ಕರಗೋದರಿಂದ ಚರಂಡಿ ನೀರು ಶುದ್ಧ ಮಾಡೋ ಘಟಕವನ್ನೂ ಬಹುಪಾಲು ದಾಟಿ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಒಂದು ಲೀಟರಿನ ಕಂದು ಗಾಜಿನ ಬಾಟಲಿ ಬೇಕು, ಮುಚ್ಚಳದ ಒಳಗೆ ಟೆಫ್ಲಾನ್ ಇರಬೇಕು. ಇಲ್ಲದಿದ್ದರೆ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಮೇಲೆ ಮುಚ್ಚಳ ಹಾಕಿ. ತೊಳೆಯೋ ಕೆಲಸವನ್ನು ಲ್ಯಾಬಿನವರಿಗೇ ಬಿಡೋದು ಒಳ್ಳೆಯದು, ಅವರು ಗಾಜನ್ನು 400 ಡಿಗ್ರಿಯಲ್ಲಿ ಕಾಯಿಸಿ ಕೊಡುತ್ತಾರೆ, ಮನೆಯಲ್ಲಿ ಅದು ಆಗೋ ಮಾತಲ್ಲ. ನೀರು ಸೇದೋಕೆ ಸ್ಟೀಲ್ ಬಕೆಟ್, ಹತ್ತಿಯ ಇಲ್ಲವೇ ಸೆಣಬಿನ ಹಗ್ಗ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ವಿನೈಲ್ ಬೇಡ, ಅದೂ ಪಿವಿಸಿಯೇ. ಅವತ್ತು ಬೆಳಗ್ಗೆ ಸೆಂಟು, ಕ್ರೀಮು ಹಚ್ಚಿಕೊಳ್ಳಬೇಡಿ. ಸೆಂಟಿನಲ್ಲೂ ಥ್ಯಾಲೇಟ್ ಇರುತ್ತದೆ.

ಜಾಗ ಕನಿಷ್ಠ ಮೂರು ಇರಲಿ. ಕೆರೆಗೆ ನೀರು ಬಂದು ಸೇರೋ ಕಡೆ ಒಂದು, ಕೆರೆಯಲ್ಲಿ ಒಂದು, ನಾಲಾ ಊರು ದಾಟಿದ ಮೇಲೆ ಒಂದು. ನಡುವೆ ಗುಜರಿ ಅಂಗಡಿ ಇದ್ದು, ತಾಮ್ರಕ್ಕಾಗಿ ವೈರ್ ಸುಡೋ ಜಾಗ ಕಂಡರೆ ಅದಕ್ಕೂ ಮೊದಲು ನೀರು ಬರೋ ಕಡೆ ಒಂದು, ದಾಟಿ ಹರಿದು ಹೋಗೋ ಕಡೆ ಒಂದು ಹಿಡಿಯಿರಿ. ನೀರಿಗೆ ಇಳಿಯಬೇಡಿ. ಅದು ಗಟಾರದ ನೀರು, ಮೇಲಾಗಿ ಗಮ್‌ಬೂಟೂ ಪಿವಿಸಿ. ಸಣ್ಣ ಸೇತುವೆ ಮೇಲೆ ನಿಂತು ನೀರು ಬರೋ ದಿಕ್ಕಿಗೆ ಬಕೆಟ್ ಬಿಡಿ, ಮೇಲಿನ ನೊರೆ ಬರದ ಹಾಗೆ ಒಂದು ಗೇಣು ಆಳದ ನೀರು ತೆಗೆಯಿರಿ. ಮೊದಲ ಎರಡು ಬಕೆಟ್ ಜಾಲಾಡಿಸಿ ಚೆಲ್ಲಿ, ಮೂರನೆಯದನ್ನು ತುಂಬಿ.

ಎರಡನೇ ಸಲ ನಾನು ಹೀಗೆ ಜಾಲಾಡಿಸಿ ಜಾಲಾಡಿಸಿ ಚೆಲ್ಲೋದನ್ನು ನೋಡಿ ಎಮ್ಮೆ ಹೊಡೆದುಕೊಂಡು ಹೊಂಟಿದ್ದ ಯಜಮಾನರೊಬ್ಬರು ನಿಂತರು. "ಏನ್ರೀ ಸರ, ಗಟಾರ ನೀರಿಗೆ ಇಷ್ಟ್ಯಾಕ ಮಡಿ?" ಅಂದರು. ಹೌದಲ್ವಾ, ಇದು ಮಡಿಯ ಕೆಲಸವೇ.

ಆ ಮಡಿ ನೆಟ್ಟಗಾಯ್ತೋ ಇಲ್ಲವೋ ಅಂತ ಹೇಳೋದು ಖಾಲಿ ಸ್ಯಾಂಪಲ್. ಲ್ಯಾಬಿನಿಂದ ಗಾಜಿನ ಬಾಟಲಿಯಲ್ಲಿ ಶುದ್ಧ ನೀರು ತನ್ನಿ. ನಾಲಾಕ್ಕೆ ಬಕೆಟ್ ಇಳಿಸೋಕೆ ಮೊದಲೇ, ದಂಡೆಯ ಮೇಲೆ ಆ ನೀರನ್ನು ಅದೇ ಬಕೆಟ್ಟಿಗೆ ಸುರಿದು, ಬಕೆಟ್ಟಿನಿಂದ ಇನ್ನೊಂದು ಖಾಲಿ ಬಾಟಲಿಗೆ ತುಂಬಿ, ಉಳಿದವುಗಳ ಜೊತೆಗೇ ಕಳಿಸಿ. ಲ್ಯಾಬಿಗೆ ಕೊಡೋಕೆ ದುಡ್ಡು ಕಡಿಮೆ ಬಿದ್ದರೆ ಒಂದು ಜಾಗ ಬಿಡಿ, ಇದನ್ನು ಮಾತ್ರ ಬಿಡಬೇಡಿ.

ಕೆಸರೂ ತನ್ನಿ. ಡಿಇಎಚ್‌ಪಿ ಅನ್ನೋ ಥ್ಯಾಲೇಟ್ ನೀರಿನಲ್ಲಿ ನಿಲ್ಲೋದು ಕಡಿಮೆ, ಕೆಸರಿಗೆ ಅಂಟಿಕೊಳ್ಳುತ್ತದೆ. ಸ್ಟೀಲ್ ಚಮಚದಿಂದ ಮೇಲಿನ ಎರಡು ಬೆರಳಿನಷ್ಟು ಕೆಸರು ತೆಗೆದು ಗಾಜಿನ ಜಾರಿಗೆ ಹಾಕಿ, ಬಾಯಿಗೆ ಫಾಯಿಲ್ ಕಟ್ಟಿ.

ದಿನ ನೋಡಿ ಹೋಗಿ. ಏಪ್ರಿಲ್‌ನಲ್ಲಿ ನಾಲಾದಲ್ಲಿ ಹರಿಯೋದು ಬಹುತೇಕ ಮನೆಗಳ ಗಟಾರದ ನೀರು. ಮಿರಗದ ಮಳೆ ಜೋರಾಗಿ ಬಿದ್ದ ಮೊದಲ ಗಂಟೆಯಲ್ಲಿ ಬರೋದು ರಸ್ತೆ, ಗ್ಯಾರೇಜು, ಗುಜರಿ ತೊಳೆದುಕೊಂಡು ಬಂದ ನೀರು. ಎರಡನ್ನೂ ಬೇರೆ ಬೇರೆ ಹಿಡಿದರೆ ಎಲ್ಲಿಂದ ಬರ್ತಿದೆ ಅನ್ನೋದರ ಅಂದಾಜು ಸಿಗುತ್ತದೆ. ಬಾಟಲಿಗಳನ್ನು ಫಾಯಿಲ್‌ನಲ್ಲಿ ಸುತ್ತಿ ಐಸಿನಲ್ಲಿಡಿ, 4 ಡಿಗ್ರಿ ಸುತ್ತ ಇರಬೇಕು. 7 ದಿನದೊಳಗೆ ಲ್ಯಾಬಿನವರು ಕೆಮಿಕಲ್ ಬೇರ್ಪಡಿಸೋ ಕೆಲಸ ಮುಗಿಸಬೇಕು.

ಲ್ಯಾಬಿಗೆ ಹೋಗಿ "ನೀರು ಟೆಸ್ಟ್ ಮಾಡಿ" ಅಂದರೆ ಟಿಡಿಎಸ್, ಪಿಎಚ್, ಬಿಒಡಿ ಅಂಥ ಮಾಮೂಲಿ ಅಂಕಿ ಬರೆದು ಕೊಡುತ್ತಾರೆ. ಅದರಲ್ಲಿ ಇವು ಯಾವುವೂ ಕಾಣೋದಿಲ್ಲ. ಕೆಮಿಕಲ್‌ಗಳನ್ನು ಒಂದೊಂದಾಗಿ ಬೇರೆ ಮಾಡಿ ಗುರುತಿಸೋ ಜಿಸಿ-ಎಂಎಸ್ ಯಂತ್ರ ಇದೆಯಾ ಕೇಳಿ, ಕೆಮಿಕಲ್‌ಗಳ ಹೆಸರು ಚೀಟಿಯಲ್ಲಿ ಬರೆದು ಕೊಡಿ, ಎಷ್ಟು ಕಡಿಮೆ ಇದ್ದರೂ ಹಿಡಿಯಬಲ್ಲಿರಿ ಅಂತ ಮೊದಲೇ ಕೇಳಿಕೊಳ್ಳಿ. ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕೆಳಗೆ ಕಾಣೋದಿಲ್ಲ ಅಂದರೆ ಬೇರೆ ಲ್ಯಾಬ್ ಹುಡುಕಿ.

ರಿಪೋರ್ಟ್ ಬಂದ ಮೇಲೆ ಮೊದಲು ಖಾಲಿ ಸ್ಯಾಂಪಲ್ ನೋಡಿ. ನಾಲಾದ ಅಂಕಿ ಅದರ ಹಲವು ಪಟ್ಟು ಇಲ್ಲದಿದ್ದರೆ ಅವತ್ತಿನ ಕೆಲಸ ಕೆಟ್ಟಿದೆ, ಮತ್ತೆ ಹೋಗಬೇಕು. ಹೋಲಿಕೆಗೆ ಬೇಕಾದರೆ: ಡಿಇಎಚ್‌ಪಿಗೆ ಯುರೋಪಿನಲ್ಲಿ ಹೊಳೆ-ಕೆರೆಗಳಿಗೆ ಇಟ್ಟಿರೋ ವರ್ಷದ ಸರಾಸರಿ ಮಿತಿ ಲೀಟರಿಗೆ 1.3 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಹೇಳಿರೋದು 8. ನಿಮ್ಮದು ಒಂದು ದಿನದ ಅಂಕಿ, ಅದು ನೆನಪಿರಲಿ. ನಮ್ಮ ನಲ್ಲಿಗೆ ಬರೋದು ಮಲಪ್ರಭಾ ಮತ್ತು ನೀರಸಾಗರದ ನೀರು, ಹಾಗಾಗಿ ವಾಟ್ಸಾಪ್‌ನಲ್ಲಿ ಮಂದಿಯನ್ನು ಹೆದರಿಸಬೇಡಿ. ಈ ನಾಲಾ ನೀರು ಮುಂದೆ ಬೆಣ್ಣಿಹಳ್ಳ ಸೇರುತ್ತದೆ, ದಾರಿಯಲ್ಲಿ ರೈತರು ಅದನ್ನೇ ಪಂಪ್ ಹಚ್ಚಿ ಹೊಲಕ್ಕೆ ಬಿಡುತ್ತಾರೆ. ಮುಂದಿನ ಸಲ ನಾನು ಹಿಡಿಯೋದು ಅಲ್ಲಿಯ ಕೆಸರು. ಗಾಜಿನ ಜಾರ್ ಎರಡು ತೊಳೆಯೋಕೆ ಕೊಟ್ಟಿದ್ದೇನೆ.